ಓಡುತ್ತಿರುವ ಸಿಮ್ಯುಲೇಶನ್ ಒಳಗೇ ಚಿತ್ರ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸೂಪರ್‌ಕಂಪ್ಯೂಟರ್ ಮೇಲೆ ದೊಡ್ಡ ಸಿಮ್ಯುಲೇಶನ್ ಓಡಿಸುವವರು ಸುತ್ತಿ ಬಳಸಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಂದೇ ಕಡೆ ಬರೆದಿಟ್ಟರೆ ಹುಡುಕುವವರಿಗೆ ಅನುಕೂಲ ಅಂತ ಇಲ್ಲಿ ಹಾಕಿದ್ದೇನೆ. ಜನ ಎಲ್ಲಿ ಜಾಸ್ತಿ ಎಡವುತ್ತಾರೋ ಅಲ್ಲಿ ಜಾಸ್ತಿ ಬರೆದಿದ್ದೇನೆ, ಉಳಿದ ಕಡೆ ಎರಡು ಮಾತಲ್ಲಿ ಮುಗಿಸಿದ್ದೇನೆ.

ಇನ್ ಸಿಟು ವಿಶುವಲೈಸೇಶನ್ ಅಂದ್ರೆ ಏನು?

ಹಳೇ ಪದ್ಧತಿ ನಿಮಗೆ ಗೊತ್ತೇ ಇದೆ. ಸಿಮ್ಯುಲೇಶನ್ ಸಮಯವನ್ನು ಪುಟ್ಟ ಪುಟ್ಟ ಸ್ಟೆಪ್ ಆಗಿ ದಾಟುತ್ತಾ ಓಡುತ್ತದೆ, ಇಷ್ಟಿಷ್ಟು ಸ್ಟೆಪ್‌ಗೆ ಒಮ್ಮೆ ಇಡೀ ಡೇಟಾವನ್ನು ಡಿಸ್ಕಿಗೆ ಬರೆಯುತ್ತದೆ, ಜಾಬ್ ಮುಗಿದ ಮೇಲೆ ನೀವು ಆ ಫೈಲುಗಳನ್ನು ಚಿತ್ರ ಬಿಡಿಸುವ ಸಾಫ್ಟ್‌ವೇರ್‌ಗಳಾದ ಪ್ಯಾರಾವ್ಯೂನಲ್ಲೋ ವಿಸಿಟ್‌ನಲ್ಲೋ ತೆರೆದು ಚಿತ್ರ ಮಾಡುತ್ತೀರಿ. ಇನ್ ಸಿಟುನಲ್ಲಿ ಮಧ್ಯದ ಈ ಡಿಸ್ಕ್ ಇಲ್ಲ. ಡೇಟಾ ಇನ್ನೂ ಮೆಮೊರಿಯಲ್ಲಿ ಇರುವಾಗಲೇ, ಅದೇ ಜಾಬಿನ ಒಳಗೆ, ಚಿತ್ರ ಬರೆದುಕೊಳ್ಳುತ್ತೀರಿ. ಅಥವಾ ಬೇಕಾದ ತುಂಡನ್ನಷ್ಟೇ ಕತ್ತರಿಸಿಕೊಳ್ಳುತ್ತೀರಿ. ಹೊರಗೆ ಬರುವುದು ಅದು ಮಾತ್ರ. ಮಿಕ್ಕ ಡೇಟಾ ಮುಂದಿನ ಸ್ಟೆಪ್ ಬರುತ್ತಲೇ ಅಳಿಸಿಹೋಗುತ್ತದೆ.

ಅಳಿಸಿಹೋಗುತ್ತೆ ಅಂದ್ರೆ ಭಯ ಆಗುತ್ತಪ್ಪ. ಡಿಸ್ಕಿಗೆ ಬರೆದು ನಿಧಾನವಾಗಿ ನೋಡಿದರೆ ಏನು ತೊಂದರೆ?

ಬರೆಯಲು ಆಗುವಷ್ಟು ಇದ್ದರೆ ಖಂಡಿತ ಬರೆಯಿರಿ, ಅದಕ್ಕಿಂತ ಸುಖ ಇಲ್ಲ. ತೊಂದರೆ ಏನೆಂದರೆ ಲೆಕ್ಕ ಮಾಡುವ ವೇಗ ಬೆಳೆದ ಹಾಗೆ ಬರೆಯುವ ವೇಗ ಬೆಳೆದಿಲ್ಲ.

ಅಮೆರಿಕದ ಓಕ್ ರಿಡ್ಜ್ ಲ್ಯಾಬ್ ಒಂದನ್ನೇ ತೆಗೆದುಕೊಳ್ಳಿ. 2012ರಲ್ಲಿ ಅಲ್ಲಿ ಟೈಟನ್ ಅನ್ನುವ ಸೂಪರ್‌ಕಂಪ್ಯೂಟರ್ ಬಂತು, ಗರಿಷ್ಠ ಸಾಮರ್ಥ್ಯ 27 ಪೆಟಾಫ್ಲಾಪ್ಸ್ (ಒಂದು ಪೆಟಾಫ್ಲಾಪ್ಸ್ ಅಂದರೆ ಸೆಕೆಂಡಿಗೆ 10 ಕೋಟಿ ಕೋಟಿ ಲೆಕ್ಕ). ಅದರ ಫೈಲ್ ಸಿಸ್ಟಮ್ ಸೆಕೆಂಡಿಗೆ ಸುಮಾರು 1 ಟೆರಾಬೈಟ್ ಬರೆಯುತ್ತಿತ್ತು. 2018ರಲ್ಲಿ ಸಮ್ಮಿಟ್ ಬಂತು: 200 ಪೆಟಾಫ್ಲಾಪ್ಸ್, ಸೆಕೆಂಡಿಗೆ 2.5 ಟೆರಾಬೈಟ್. 2022ರಲ್ಲಿ ಫ್ರಾಂಟಿಯರ್ ಬಂತು, ಅತಿ ವೇಗದ ಮೆಷಿನ್‌ಗಳ ಟಾಪ್ 500 ಪಟ್ಟಿಯಲ್ಲಿ ಎಕ್ಸಾಫ್ಲಾಪ್ (1,000 ಪೆಟಾಫ್ಲಾಪ್ಸ್) ಗೆರೆ ದಾಟಿದ ಮೊದಲ ಮೆಷಿನ್. ಗರಿಷ್ಠ ಸಾಮರ್ಥ್ಯ 1,600 ಪೆಟಾಫ್ಲಾಪ್ಸ್‌ಗೂ ಮೇಲೆ, ಆದರೆ ದೊಡ್ಡ ಡಿಸ್ಕಿನ ವೇಗ ಸೆಕೆಂಡಿಗೆ ಸುಮಾರು 5 ಟೆರಾಬೈಟ್. ಅಂದರೆ ಹತ್ತು ವರ್ಷದಲ್ಲಿ ಲೆಕ್ಕದ ಶಕ್ತಿ ಸುಮಾರು 60 ಪಟ್ಟು, ಬರೆಯುವ ಶಕ್ತಿ ಸುಮಾರು 5 ಪಟ್ಟು. ಕೆರೆ ದೊಡ್ಡದಾಗುತ್ತಲೇ ಹೋಯಿತು, ತೂಬು ಮಾತ್ರ ಆ ಅಳತೆಗೆ ಬೆಳೆಯಲಿಲ್ಲ.

ಫ್ರಾಂಟಿಯರ್‌ನಲ್ಲಿ 9,400ಕ್ಕೂ ಹೆಚ್ಚು ನೋಡ್‌ಗಳಿವೆ, ಅಂದರೆ ಒಟ್ಟಿಗೆ ದುಡಿಯುವ ಬಿಡಿ ಕಂಪ್ಯೂಟರ್‌ಗಳು. ಒಂದೊಂದರಲ್ಲೂ ಸಿಪಿಯು ಕಡೆ 512 ಜಿಬಿ, ಜಿಪಿಯು ಕಡೆ 512 ಜಿಬಿ ಮೆಮೊರಿ. ಒಟ್ಟು 9 ಪೆಟಾಬೈಟ್‌ಗೂ ಮೇಲೆ. ಇದನ್ನು ಪೂರ್ತಿ ಒಮ್ಮೆ ಡಿಸ್ಕಿಗೆ ಸುರಿಯಬೇಕೆಂದರೆ, ಎಲ್ಲಾ ಸರಿಯಿದ್ದು ಬೇರೆ ಯಾರೂ ಡಿಸ್ಕ್ ಮುಟ್ಟದಿದ್ದರೂ, ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಮೆಷಿನ್ ಸುಮ್ನೆ ಕೂತಿರುತ್ತದೆ. ಯಾವ ಸಿಮ್ಯುಲೇಶನ್ನೂ ಇಡೀ ಮೆಮೊರಿ ಬರೆಯುವುದಿಲ್ಲ, ನಿಜ. ಆದರೂ ಹತ್ತರಲ್ಲಿ ಒಂದು ಭಾಗ ಬರೆದರೂ ಸಲ ಸಲಕ್ಕೆ ಮೂರು ನಿಮಿಷ ಹೋಗುತ್ತದೆ.

ಅಷ್ಟು ದೊಡ್ಡ ಮೆಷಿನ್ ನಮ್ಮ ಹತ್ತಿರ ಇಲ್ಲವಲ್ಲ. ನನಗೂ ಇದು ಬೇಕಾ?

ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಪರಮ್ ಪ್ರವೇಗ 3.3 ಪೆಟಾಫ್ಲಾಪ್ಸ್ ಮೆಷಿನ್. ಫ್ರಾಂಟಿಯರ್ ಪಕ್ಕ ಚಿಕ್ಕದು, ಆದರೆ ನಿಮ್ಮ ಖಾತೆಗೆ ಸಿಗುವ ಡಿಸ್ಕ್ ಕೋಟಾ ಅದಕ್ಕಿಂತಲೂ ಚಿಕ್ಕದು, ಅಲ್ವಾ? ಯಾವ ಕ್ಲಸ್ಟರ್‌ಗೆ ಹೋದರೂ ಇದೇ ಕಥೆ. ರಾತ್ರಿ ಎರಡು ಗಂಟೆಗೆ ಕೋಟಾ ತುಂಬಿ ಜಾಬ್ ಸಾಯುವುದಕ್ಕೆ ಎಕ್ಸಾಸ್ಕೇಲ್ ಮೆಷಿನ್ನೇ ಬೇಕಾಗಿಲ್ಲ. ಇಷ್ಟಾಗಿ ಬರೆದ ಫೈಲುಗಳನ್ನು ನಿಮ್ಮ ಊರಿನ ಕಾಲೇಜಿಗೋ ಮನೆಗೋ ಇಳಿಸಿಕೊಳ್ಳಬೇಕು. ಕ್ಲಸ್ಟರ್ ಒಳಗೆ ಡಿಸ್ಕ್ ಎಷ್ಟೇ ಚೆನ್ನಾಗಿರಲಿ, ಹೊರಗಿನ ನೆಟ್‌ವರ್ಕ್ ಸೆಕೆಂಡಿಗೆ ಕೆಲವು ಎಂಬಿ ಕೊಟ್ಟರೆ 2 ಟೆರಾಬೈಟ್ ಇಳಿಸಲು ದಿನಗಟ್ಟಲೆ ಕಾಯಬೇಕು. 200 ಚಿತ್ರ ಇಳಿಸಲು ನಿಮಿಷಗಳು ಸಾಕು.

ನಿಮ್ಮ ಒಟ್ಟು ಔಟ್‌ಪುಟ್ ಒಂದು ಲ್ಯಾಪ್‌ಟಾಪಿನಲ್ಲಿ ಹಿಡಿಸುವಷ್ಟಿದ್ದರೆ ಮಾತ್ರ ಈ ರಗಳೆ ಬೇಡ. ಫೈಲ್ ಬರೆದು ನೋಡಿ, ಸಾಕು.

ಪ್ರತಿ ಸ್ಟೆಪ್ ಬೇಡ, ಐನೂರಕ್ಕೆ ಒಂದು ಬರೆದರೆ ಆಗಲ್ವಾ?

ಎಲ್ಲರೂ ಅದನ್ನೇ ಮಾಡುವುದು. ನಾನು ಇನ್ ಸಿಟು ಪರ ಇಷ್ಟು ಮಾತಾಡುವುದೂ ಇದೇ ಕಾರಣಕ್ಕೆ. ಡಿಸ್ಕ್ ಉಳಿತಾಯ ಆಮೇಲಿನ ಮಾತು, ಮೊದಲನೆಯದು ಎರಡು ಫೈಲುಗಳ ನಡುವೆ ಏನಾಯಿತು ಅನ್ನುವುದು.

ಇಂಧನ ಉರಿಯುವುದನ್ನು ಲೆಕ್ಕ ಮಾಡುವ ಸಿಮ್ಯುಲೇಶನ್ ನೋಡಿ. ಅಮೆರಿಕದ ಸ್ಯಾಂಡಿಯಾ ಲ್ಯಾಬಿನಲ್ಲಿ ಜಾಕ್ವೆಲಿನ್ ಚೆನ್ ಅವರ ತಂಡ ಎಸ್3ಡಿ ಅನ್ನುವ ಕೋಡಿನಲ್ಲಿ ಇದನ್ನು ಬಹಳ ವರ್ಷ ಮಾಡಿದೆ. ಬಿಸಿ ಅನಿಲದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಸಣ್ಣ ಕಿಡಿ ಹುಟ್ಟುತ್ತದೆ. ಅದು ಬೆಳೆದು ಜ್ವಾಲೆಯಾಗಬಹುದು, ಇಲ್ಲ ಅಲ್ಲೇ ಆರಿಹೋಗಬಹುದು. ಇದೆಲ್ಲ ಕೆಲವೇ ಹತ್ತು ಸ್ಟೆಪ್‌ಗಳಲ್ಲಿ ಮುಗಿಯುವ ಆಟ. ಫೈಲ್ ಬರೆಯುವುದು ನೂರಾರು ಸ್ಟೆಪ್‌ಗೆ ಒಂದು ಸಲ. ಹಿಂದಿನ ಫೈಲಿನಲ್ಲಿ ಕಿಡಿ ಇಲ್ಲ, ಮುಂದಿನ ಫೈಲಿನಲ್ಲಿ ಇಡೀ ಜ್ವಾಲೆ ಇದೆ. ಎಲ್ಲಿ ಶುರುವಾಯಿತು, ಎರಡು ಕಿಡಿ ಸೇರಿ ಒಂದಾಯಿತೋ ಅಥವಾ ಒಂದೇ ದೊಡ್ಡದಾಯಿತೋ ಅನ್ನುವುದಕ್ಕೆ ಸಾಕ್ಷಿ ಇಲ್ಲ. ಮೆಷಿನ್ ಅದನ್ನು ಲೆಕ್ಕ ಹಾಕಿತ್ತು, ನಿಖರವಾಗಿ ಹಾಕಿತ್ತು, ನಾವು ಅದನ್ನು ಎಸೆದೆವು. ಲಕ್ಷಗಟ್ಟಲೆ ಕೋರ್ ಅವರ್ ಸುಟ್ಟು ಕಂಡುಹಿಡಿದದ್ದನ್ನು ನೋಡದೇ ಬಿಡುವುದು ನನಗಂತೂ ಸಹಿಸಲು ಆಗುವುದಿಲ್ಲ.

ನಮ್ಮ ಕಡೆ ಯಾರಾದರೂ ಇದನ್ನು ಮಾಡಿದ್ದಾರಾ?

ಮಾಡಿದ್ದಾರೆ, ಅದೂ ಬೆಂಗಳೂರಿನಲ್ಲೇ. 2009ರ ಮೇ ತಿಂಗಳಲ್ಲಿ ಐಲಾ ಚಂಡಮಾರುತ ಬಂಗಾಳಕ್ಕೆ ಅಪ್ಪಳಿಸಿತಲ್ಲ, ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಐಐಎಸ್‌ಸಿಯ ಪ್ರೀತಿ ಮಲಕರ್, ವಿಜಯ್ ನಟರಾಜನ್, ಸತೀಶ್ ವಡಿಯಾರ್ ಅವರು 2010ರ ಸೂಪರ್‌ಕಂಪ್ಯೂಟಿಂಗ್ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡಿಸಿದರು. ಡಬ್ಲ್ಯೂಆರ್‌ಎಫ್ ಹವಾಮಾನ ಮಾದರಿ ಒಂದು ಕಡೆ ಓಡುತ್ತದೆ, ಚಿತ್ರ ನೋಡುವವರು ಇನ್ನೊಂದು ಕಡೆ ಇರುತ್ತಾರೆ, ನಡುವೆ ಇರುವ ನೆಟ್‌ವರ್ಕ್ ಸಣ್ಣದು. ಚಂಡಮಾರುತ ತೀವ್ರವಾಗುತ್ತಾ ಹೋದ ಹಾಗೆ ಮಾದರಿಯ ರೆಸಲ್ಯೂಶನ್ ಏರಿಸಬೇಕು, ಆಗ ಡೇಟಾ ಉಕ್ಕುತ್ತದೆ, ನೆಟ್‌ವರ್ಕ್ ಸಾಗಿಸುವುದಕ್ಕಿಂತ ಬೇಗ ಡಿಸ್ಕ್ ತುಂಬುತ್ತದೆ, ಡಿಸ್ಕ್ ತುಂಬಿದರೆ ಸಿಮ್ಯುಲೇಶನ್ನೇ ನಿಲ್ಲುತ್ತದೆ. ಅದಕ್ಕೆ ಅವರು ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ, ನೆಟ್‌ವರ್ಕ್ ಎಷ್ಟು ಓಡುತ್ತಿದೆ ಅಂತ ನೋಡಿಕೊಂಡು, ಎಷ್ಟು ಪ್ರೊಸೆಸರ್ ಬಳಸಬೇಕು, ಎಷ್ಟು ಹೊತ್ತಿಗೊಮ್ಮೆ ಡೇಟಾ ಹೊರಹಾಕಬೇಕು ಎಂದು ತಾನೇ ತೀರ್ಮಾನಿಸುವ ವ್ಯವಸ್ಥೆ ಕಟ್ಟಿದರು.

ಇದು ಮೆಮೊರಿಯಲ್ಲೇ ಚಿತ್ರ ತೆಗೆಯುವ ಅಪ್ಪಟ ಇನ್ ಸಿಟು ಅಲ್ಲ, ಡೇಟಾ ಡಿಸ್ಕಿಗೆ ಬಂದೇ ಹೋಗುತ್ತದೆ. ಆದರೆ ಹಿಡಿದುಕೊಂಡ ಸಮಸ್ಯೆ ನಮ್ಮದೇ: ಕಡಿಮೆ ಡಿಸ್ಕ್, ಸಣ್ಣ ನೆಟ್‌ವರ್ಕ್, ಕಾಯಲು ಪುರುಸೊತ್ತಿಲ್ಲದ ಚಂಡಮಾರುತ. ಮುನ್ಸೂಚನೆ ಹೇಳುವವರಿಗೆ ಜಾಬ್ ಮುಗಿದ ಮೇಲೆ ಚಿತ್ರ ಕೊಟ್ಟು ಏನು ಪ್ರಯೋಜನ? ನಮ್ಮ ವಿದ್ಯಾರ್ಥಿಗಳು ಇದನ್ನು ಓದಲೇಬೇಕು ಅನ್ನುತ್ತೇನೆ.

ಯಾವ ಸಾಫ್ಟ್‌ವೇರ್ ಆರಿಸಿಕೊಳ್ಳಲಿ?

ಹೆಸರುಗಳು ತುಂಬಾ ಇವೆ, ನಿಮಗೆ ಬೇಕಾಗುವುದು ಎರಡು. ಒಂದು, ಪ್ಯಾರಾವ್ಯೂ ಜೊತೆ ಬರುವ ಕ್ಯಾಟಲಿಸ್ಟ್. ಇನ್ನೊಂದು, ಲಾರೆನ್ಸ್ ಲಿವರ್‌ಮೋರ್ ಲ್ಯಾಬ್ ಮುಂದೆ ನಿಂತು ಬೆಳೆಸಿದ ಅಸೆಂಟ್. ವಿಸಿಟ್ ಬಳಸುವವರಿಗೆ ಲಿಬ್‌ಸಿಮ್ ಇದೆ. ಒಂದೇ ಜೋಡಣೆ ಬರೆದು ಅದರ ಹಿಂದೆ ಚಿತ್ರ ತೆಗೆಯುವ ಸಾಫ್ಟ್‌ವೇರ್ ಬದಲಿಸುತ್ತಿರಬೇಕು ಅನ್ನುವವರಿಗೆ ಸೆನ್ಸೆ ಇದೆ.

ನನ್ನ ಅಭಿಪ್ರಾಯ ಕೇಳಿದರೆ: ನೀವು ಈಗಾಗಲೇ ಪ್ಯಾರಾವ್ಯೂ ಬಲ್ಲವರಾದರೆ ಕ್ಯಾಟಲಿಸ್ಟ್ ಹಿಡಿಯಿರಿ. ಪ್ಯಾರಾವ್ಯೂನಲ್ಲಿ ಚಿಕ್ಕ ಡೇಟಾ ತೆರೆದು, ಮೌಸ್ ಹಿಡಿದೇ ಕತ್ತರಿಸಿ, ಬಣ್ಣ ಹಚ್ಚಿ, ಕ್ಯಾಮೆರಾ ಕೂರಿಸಿ, ಅದನ್ನೇ ಪೈಥಾನ್ ಸ್ಕ್ರಿಪ್ಟ್ ಆಗಿ ಉಳಿಸಿ ದೊಡ್ಡ ಜಾಬಿಗೆ ಕೊಡಬಹುದು. ಈ ಒಂದು ಸೌಕರ್ಯ ಬಹಳ ದೊಡ್ಡದು. ಕೋಡ್ ಪೂರ್ತಿ ಜಿಪಿಯು ಮೇಲಿದ್ದರೆ, ಹಗುರವಾದದ್ದು ಬೇಕಿದ್ದರೆ ಅಸೆಂಟ್. ಅದರಲ್ಲಿ ಏನು ಮಾಡಬೇಕೆಂಬುದನ್ನು ಯಾಮಲ್ ಅನ್ನುವ ಒಂದು ಸಣ್ಣ ಪಠ್ಯ ಫೈಲಿನಲ್ಲಿ ಬರೆಯುತ್ತೀರಿ: ಒಂದು ಸೀನ್ ಸೇರಿಸು, ಅದರಲ್ಲಿ ಒಂದು ಪ್ಲಾಟ್, ಅದರ ಫೀಲ್ಡ್ ಪ್ರೆಶರ್. ಐದಾರು ಸಾಲು. ಬದಲಾಯಿಸಿದರೆ ಮತ್ತೆ ಕಂಪೈಲ್ ಮಾಡಬೇಕಾಗಿಲ್ಲ.

ನನ್ನ ಕೋಡಿನಲ್ಲಿ ಎಷ್ಟು ಬದಲಾವಣೆ ಆಗುತ್ತೆ?

ಹೆದರುವಷ್ಟು ಆಗುವುದಿಲ್ಲ. ಕ್ಯಾಟಲಿಸ್ಟ್‌ನ ಎರಡನೇ ಆವೃತ್ತಿಯಲ್ಲಿ ಮುಖ್ಯ ಕರೆಗಳು ಮೂರೇ. ಶುರುವಿನಲ್ಲಿ ಇನಿಶಿಯಲೈಸ್, ಟೈಮ್‌ಸ್ಟೆಪ್ ಲೂಪ್ ಒಳಗೆ ಎಕ್ಸಿಕ್ಯೂಟ್, ಕೊನೆಗೆ ಫೈನಲೈಸ್. ನಿಜವಾದ ಕೆಲಸ ಇರುವುದು ಎಕ್ಸಿಕ್ಯೂಟ್‌ಗೆ ಕೊಡುವ ಮುಂಚೆ ನಿಮ್ಮ ಡೇಟಾವನ್ನು ವಿವರಿಸುವುದರಲ್ಲಿ. ಇದಕ್ಕೆ ಕ್ಯಾಟಲಿಸ್ಟೂ ಅಸೆಂಟೂ ಎರಡೂ ಕಾಂಡ್ಯುಯಿಟ್ ಎಂಬ ಒಂದೇ ಲೈಬ್ರರಿ ಬಳಸುತ್ತವೆ, ಹಾಗಾಗಿ ಒಂದಕ್ಕೆ ಬರೆದದ್ದು ಇನ್ನೊಂದಕ್ಕೂ ಬಹುಪಾಲು ಬಳಕೆಗೆ ಬರುತ್ತದೆ. ಗ್ರಿಡ್‌ನ (ಜಾಗವನ್ನು ಸೆಲ್ ಎಂಬ ಪುಟ್ಟ ತುಂಡುಗಳಾಗಿ ಹಂಚಿದ ಬಲೆಯ) ಬಿಂದುಗಳು ಈ ಅರೇನಲ್ಲಿವೆ, ಸೆಲ್‌ಗಳು ಈ ರೀತಿ ಜೋಡಿಸಿವೆ, ತಾಪಮಾನ ಈ ವಿಳಾಸದಲ್ಲಿದೆ, ಅದು ಬಿಂದುಗಳಿಗೆ ಸೇರಿದ್ದೋ ಸೆಲ್‌ಗಳಿಗೆ ಸೇರಿದ್ದೋ, ಅಷ್ಟು ಹೇಳಬೇಕು.

ಇಲ್ಲಿ ಒಂದು ಕಿವಿಮಾತು. ಜೋಡಣೆಯ ಕೋಡನ್ನು ಸಾಲ್ವರ್ (ಸಿಮ್ಯುಲೇಶನ್‌ನ ಲೆಕ್ಕ ಮಾಡುವ ಕೋಡ್) ಒಳಗೆ ಅಲ್ಲಲ್ಲಿ ಚೆಲ್ಲಬೇಡಿ, ಬೇರೆ ಫೈಲಿನಲ್ಲಿ ಇಡಿ. ಕ್ಯಾಟಲಿಸ್ಟ್‌ನಲ್ಲಿ ಖಾಲಿ ಲೈಬ್ರರಿ ಒಂದಿದೆ, ಅದರ ಜೊತೆ ಕಂಪೈಲ್ ಮಾಡಿಟ್ಟರೆ ಸಾಕು. ಓಡಿಸುವ ಹೊತ್ತಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿದರೆ ಪ್ಯಾರಾವ್ಯೂ ಬಂದು ಸೇರಿಕೊಳ್ಳುತ್ತದೆ, ಹಾಕದಿದ್ದರೆ ಆ ಕರೆಗಳು ಏನೂ ಮಾಡದೆ ಮರಳುತ್ತವೆ. ನಿಮ್ಮ ಗೈಡ್ ಅಥವಾ ಜೊತೆಯವರು ಆ ಭಾರವಾದ ಸಾಫ್ಟ್‌ವೇರ್ ನನಗೆ ಬೇಡ ಎಂದರೆ ಈ ಮಾತು ಹೇಳಿ, ಒಪ್ಪುತ್ತಾರೆ.

ಡೇಟಾದ ಇನ್ನೊಂದು ಪ್ರತಿ ಮಾಡಿದರೆ ಮೆಮೊರಿ ಸಾಲಲ್ಲವಲ್ಲ?

ಪ್ರತಿ ಮಾಡಬೇಕಾಗಿಲ್ಲ. ಕಾಂಡ್ಯುಯಿಟ್‌ಗೆ ಪಾಯಿಂಟರ್ ಕೊಟ್ಟರೆ ಅದು ನಿಮ್ಮ ಅರೇಯನ್ನೇ ಓದುತ್ತದೆ. ಆದರೆ ಕಾಂಟೂರ್ (ಒಂದೇ ಬೆಲೆ ಇರುವ ಬಿಂದುಗಳ ಮೇಲ್ಮೈ) ತೆಗೆದಾಗ ಹುಟ್ಟುವ ತ್ರಿಕೋನಗಳಿಗೆ, ಚಿತ್ರದ ಬಫರ್‌ಗಳಿಗೆ ಜಾಗ ಬೇಕೇ ಬೇಕು. ಮೆಮೊರಿ ಕಂಠದವರೆಗೆ ತುಂಬಿಸಿ ಓಡಿಸುವ ಅಭ್ಯಾಸ ಇದ್ದರೆ ಸ್ವಲ್ಪ ಸಡಿಲ ಬಿಡಿ. ಸಿಮ್ಯುಲೇಶನ್ ಹಲವು ಪ್ರೊಸೆಸ್‌ಗಳಾಗಿ ಕೆಲಸ ಹಂಚಿಕೊಂಡು ಓಡುತ್ತದೆ, ಒಂದೊಂದನ್ನೂ ರ‍್ಯಾಂಕ್ ಅನ್ನುತ್ತಾರೆ. ಎಲ್ಲ ರ‍್ಯಾಂಕ್‌ಗಳಿಗೂ ಒಂದೇ ಅಳತೆ ಬೇಕಾಗುವುದಿಲ್ಲ ಅನ್ನುವುದೂ ನೆನಪಿರಲಿ. ಅಲೆಯ ಮುಂಚೂಣಿ ಯಾರ ಪಾಲಿಗೆ ಬಂದಿದೆಯೋ ಆ ರ‍್ಯಾಂಕಿನಲ್ಲೇ ತ್ರಿಕೋನಗಳ ರಾಶಿ ಬೀಳುತ್ತದೆ, ಪಕ್ಕದವನು ಖಾಲಿ ಕೂತಿರುತ್ತಾನೆ.

ಡೇಟಾ ಜಿಪಿಯುನಲ್ಲಿದ್ದರೆ ಚಿತ್ರದ ಕೆಲಸವೂ ಅಲ್ಲೇ ಆಗಲಿ, ಸಿಪಿಯುಗೆ ಎಳೆದು ತರಬೇಡಿ. ವಿಸ್ಕೋರ್ಸ್ ಲೈಬ್ರರಿ, ಅಂದರೆ ಮುಂಚೆ ವಿಟಿಕೆ-ಎಂ ಅಂತಿದ್ದದ್ದು, ಇದಕ್ಕೇ ಇದೆ. 2024ರ ನವೆಂಬರ್‌ನಲ್ಲಿ ಪಟ್ಟಿಯ ಮೇಲಕ್ಕೆ ಬಂದ ಎಲ್ ಕ್ಯಾಪಿಟನ್ ಮೆಷಿನ್‌ನಲ್ಲಿ ಸಿಪಿಯು, ಜಿಪಿಯು ಎರಡಕ್ಕೂ ಒಂದೇ ಮೆಮೊರಿ, ಅಲ್ಲಿ ಈ ಎಳೆದಾಟವೇ ಇಲ್ಲ.

ಕಂಪ್ಯೂಟ್ ನೋಡ್‌ಗೆ ಮಾನಿಟರ್ರೇ ಇಲ್ಲ. ಚಿತ್ರ ಬರೆಯುವುದು ಹೇಗೆ?

ಮೊದಲ ಸಲ ಓಡಿಸುವವರ ಜಾಬ್ ಡಿಸ್‌ಪ್ಲೇ ಸಿಗಲಿಲ್ಲ ಅಂತ ಎರರ್ ಕೊಟ್ಟು ಬೀಳುವುದು ಇಲ್ಲೇ. ನೀವು ಬಳಸುತ್ತಿರುವ ಪ್ಯಾರಾವ್ಯೂ ಹಳೇದಾದರೆ ಮಾನಿಟರ್ ಹುಡುಕುವ ರೀತಿಯಲ್ಲಿ ಬಿಲ್ಡ್ ಆಗಿರಬಹುದು. ಜಿಪಿಯು ಇದ್ದರೆ ಇಜಿಎಲ್ ಬಿಲ್ಡ್, ಬರೀ ಸಿಪಿಯು ಆದರೆ ಓಎಸ್‌ಮೆಸಾ ಬಿಲ್ಡ್ ಕೇಳಿ ಹಾಕಿಸಿಕೊಳ್ಳಿ. ಎರಡೂ ಮಾನಿಟರ್ ಇಲ್ಲದೇ ಮೆಮೊರಿಯಲ್ಲೇ ಚಿತ್ರ ಬರೆಯುತ್ತವೆ.

ಸಾವಿರಾರು ರ‍್ಯಾಂಕ್ ಸೇರಿ ಒಂದು ಚಿತ್ರ ಮಾಡುವ ರೀತಿ ನನಗೆ ತುಂಬಾ ಇಷ್ಟ. ಪ್ರತಿ ರ‍್ಯಾಂಕೂ ತನ್ನ ಪಾಲಿನ ತುಂಡನ್ನು ಪೂರ್ತಿ ಚಿತ್ರದ ಅಳತೆಯಲ್ಲೇ ಬರೆಯುತ್ತದೆ, ಜೊತೆಗೆ ಒಂದೊಂದು ಪಿಕ್ಸೆಲ್ ಕ್ಯಾಮೆರಾದಿಂದ ಎಷ್ಟು ದೂರ ಅಂತ ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಜೋಡಿ ಜೋಡಿಯಾಗಿ ಚಿತ್ರಗಳನ್ನು ಅದಲುಬದಲು ಮಾಡಿಕೊಂಡು, ಹತ್ತಿರದ ಪಿಕ್ಸೆಲ್ ಉಳಿಸಿ ದೂರದ್ದನ್ನು ಬಿಡುತ್ತಾ ಹೋದರೆ ಕೊನೆಗೆ ಒಂದೇ ಚಿತ್ರ. ಓಡಾಡುವುದು ಪಿಕ್ಸೆಲ್ ಮಾತ್ರ, ಮೂಲ ಡೇಟಾ ಇದ್ದಲ್ಲೇ ಇರುತ್ತದೆ. 1920ಕ್ಕೆ 1080 ಚಿತ್ರ ಕಂಪ್ರೆಸ್ ಮಾಡದಿದ್ದರೂ ಸುಮಾರು 8 ಎಂಬಿ. ಹಿಂದಿನ ಡೇಟಾ ನೂರು ಜಿಬಿ ಇರಲಿ, ನೂರು ಟೆರಾಬೈಟ್ ಇರಲಿ, ಚಿತ್ರ ಅಷ್ಟೇ. ಈ ಕೂಡಿಸುವ ಕೆಲಸಕ್ಕೆ ಸ್ಯಾಂಡಿಯಾದಲ್ಲಿ ಹುಟ್ಟಿದ ಐಸ್‌ಟಿ ಲೈಬ್ರರಿ ಇದೆ, ಪ್ಯಾರಾವ್ಯೂ ಒಳಗೆ ಅದೇ ಇರುವುದು.

ಕಾಂಟೂರ್ ಮೇಲೆ ಉದ್ದಕ್ಕೂ ಅಡ್ಡಕ್ಕೂ ಸೀಳು ಕಾಣುತ್ತಿದೆ. ನನ್ನ ಸಾಲ್ವರ್ ತಪ್ಪಾ?

ಸೀಳುಗಳನ್ನು ಸರಿಯಾಗಿ ನೋಡಿ. ನೇರ ಗೆರೆಯಲ್ಲಿ, ಸಮ ಅಂತರದಲ್ಲಿ, ಇಡೀ ಡೊಮೇನನ್ನು ಪೆಟ್ಟಿಗೆಗಳಾಗಿ ಕತ್ತರಿಸಿದ ಹಾಗಿವೆಯಾ? ಹಾಗಿದ್ದರೆ ಸಾಲ್ವರ್ ಸರಿ ಇದೆ. ಅವು ರ‍್ಯಾಂಕ್‌ಗಳ ಗಡಿಗಳು. ಸೆಲ್ ಮಧ್ಯದ ಬೆಲೆಯನ್ನು ಮೂಲೆಗಳಿಗೆ ಹಂಚಲು ಪಕ್ಕದ ಸೆಲ್ ಬೇಕು, ಗಡಿಯಲ್ಲಿ ಪಕ್ಕದ ಸೆಲ್ ಇನ್ನೊಂದು ರ‍್ಯಾಂಕ್ ಹತ್ತಿರ ಇರುತ್ತದೆ. ನಿಮ್ಮ ಸಾಲ್ವರ್ ಹತ್ತಿರ ಘೋಸ್ಟ್ ಸೆಲ್‌ಗಳು, ಅಂದರೆ ಪಕ್ಕದ ಪಾಲಿನ ಗಡಿ ಸೆಲ್‌ಗಳ ಪ್ರತಿಗಳು, ಆಗಲೇ ಇವೆ, ಚಿತ್ರದ ಕಡೆಗೆ ಅವನ್ನೂ ಕಳಿಸಿ, ಜೊತೆಗೆ ಇವು ಘೋಸ್ಟ್ ಅಂತ ಗುರುತು ಹಾಕಿ. ಗುರುತು ಹಾಕದಿದ್ದರೆ ಸೀಳು ಹೋಗಿ ಅದೇ ಜಾಗದಲ್ಲಿ ಎರಡೆರಡು ಪದರ ಬರುತ್ತದೆ. ಅರೆಪಾರದರ್ಶಕವಾಗಿ ಬಿಡಿಸಿದರೆ ಗಡಿಯುದ್ದಕ್ಕೂ ಕಪ್ಪು ಪಟ್ಟಿ ಕಂಡೀತು. ಸೆಲ್‌ಗಳ ಮೊತ್ತ, ಸರಾಸರಿ ತೆಗೆಯುತ್ತಿದ್ದರೆ ಇನ್ನೂ ಕೆಟ್ಟದು, ಗಡಿಯ ಸೆಲ್‌ಗಳು ಎರಡು ಸಲ ಲೆಕ್ಕಕ್ಕೆ ಬರುತ್ತವೆ, ಚಿತ್ರದಲ್ಲಿ ಅದು ಕಾಣುವುದೂ ಇಲ್ಲ.

ಮೂವಿ ಮಾಡಿದಾಗ ಬಣ್ಣ ಮಿನುಗುತ್ತದೆ, ಯಾಕೆ?

ಪ್ರತಿ ಸ್ಟೆಪ್‌ಗೂ ಬಣ್ಣದ ಮಿತಿ ತಾನೇ ಹೊಂದಿಕೊಳ್ಳುತ್ತಿದೆ. ಕನಿಷ್ಠ, ಗರಿಷ್ಠ ಎರಡನ್ನೂ ಕೈಯಲ್ಲಿ ಹಾಕಿ ಕೂರಿಸಿ. ಎಷ್ಟಿರಬೇಕು ಅನ್ನುವುದು ಚಿಕ್ಕ ಗ್ರಿಡ್‌ನಲ್ಲಿ ಒಂದು ಸಲ ಓಡಿಸಿದರೆ ಗೊತ್ತಾಗುತ್ತದೆ.

ಇದರಿಂದ ಸಿಮ್ಯುಲೇಶನ್ ಎಷ್ಟು ನಿಧಾನವಾಗುತ್ತೆ?

ನಿಮ್ಮ ಕೋಡಿನಲ್ಲಿ ಅಳೆಯದೇ ಯಾರೂ ಹೇಳಲಾರರು, ಆದರೆ ಲೆಕ್ಕ ಸುಲಭ. ಒಂದು ಸ್ಟೆಪ್‌ಗೆ 2 ಸೆಕೆಂಡ್, ಒಂದು ಚಿತ್ರಕ್ಕೆ 6 ಸೆಕೆಂಡ್ ಅಂದುಕೊಳ್ಳಿ. ಪ್ರತಿ ಸ್ಟೆಪ್‌ಗೂ ಚಿತ್ರ ತೆಗೆದರೆ ಜಾಬ್ ನಾಲ್ಕು ಪಟ್ಟು ಉದ್ದ. 50 ಸ್ಟೆಪ್‌ಗೆ ಒಂದು ತೆಗೆದರೆ 100 ಸೆಕೆಂಡಿಗೆ 6 ಸೆಕೆಂಡ್, ಶೇಕಡಾ 6. ಅದರ ಬದಲು ಪೂರ್ತಿ ಫೈಲ್ ಬರೆಯಲು 40 ಸೆಕೆಂಡ್ ಹಿಡಿಯುತ್ತಿದ್ದರೆ ನೀವು ಉಳಿಸಿದ್ದೇ ಜಾಸ್ತಿ. ಮೊದಲ ಚಿತ್ರಕ್ಕೆ ಹಿಡಿದ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಾವಿರಾರು ರ‍್ಯಾಂಕ್ ಒಟ್ಟಿಗೆ ಪೈಥಾನ್ ಲೈಬ್ರರಿಗಳನ್ನು ಡಿಸ್ಕಿನಿಂದ ಎತ್ತಿಕೊಳ್ಳುವಾಗ ಅಲ್ಲೇ ಬಹಳ ಹೊತ್ತು ಹೋಗುತ್ತದೆ.

ಚಿತ್ರದ ಕೆಲಸಕ್ಕೆ ಬೇರೆ ನೋಡ್‌ಗಳನ್ನೇ ಇಟ್ಟರೆ?

ಇಡಬಹುದು, ಅದಕ್ಕೆ ಇನ್ ಟ್ರಾನ್ಸಿಟ್ ಅನ್ನುತ್ತಾರೆ. ಸಿಮ್ಯುಲೇಶನ್ ತನ್ನ ಡೇಟಾವನ್ನು ಒಳಗಿನ ವೇಗದ ನೆಟ್‌ವರ್ಕ್ ಮೇಲೆ ಪಕ್ಕದ ಕೆಲವು ನೋಡ್‌ಗಳಿಗೆ ದಾಟಿಸಿ ಮುಂದಕ್ಕೆ ಹೋಗುತ್ತದೆ, ಅವು ನಿಧಾನವಾಗಿ ಚಿತ್ರ ಮಾಡಿಕೊಳ್ಳುತ್ತವೆ. ಓಕ್ ರಿಡ್ಜ್‌ನ ಅಡಿಯೋಸ್ ಲೈಬ್ರರಿ ಈ ಸಾಗಾಟ ಮಾಡುತ್ತದೆ. ಫ್ರಾನ್ಸಿನ ಇನ್ರಿಯಾದವರ ದಮಾರಿಸ್ ಪ್ರತಿ ನೋಡ್‌ನಲ್ಲೂ ಒಂದೆರಡು ಕೋರ್‌ಗಳನ್ನು ಇದಕ್ಕೇ ಮೀಸಲಿಡುತ್ತದೆ. ಚಿತ್ರದ ಕೆಲಸ ಭಾರವಾಗಿದ್ದು, ಸಿಮ್ಯುಲೇಶನ್ ಕಾಯಬಾರದು ಅಂದಾಗ ಇದು ಒಳ್ಳೆಯದು. ಆದರೆ ಎರಡು ಪ್ರೋಗ್ರಾಂ ಒಟ್ಟಿಗೆ ಓಡಿಸುವ, ಒಂದು ಹಿಂದೆ ಬಿದ್ದರೆ ಇನ್ನೊಂದು ಏನು ಮಾಡಬೇಕು ಎಂದು ಯೋಚಿಸುವ ತಲೆನೋವು ನಿಮ್ಮದು. ಮೊದಲ ಸಲಕ್ಕೆ ಬೇಡ.

ಏನು ನೋಡಬೇಕು ಅಂತ ಮುಂಚೆಯೇ ಗೊತ್ತಿಲ್ಲದಿದ್ದರೆ?

ಇದು ನಿಜವಾದ ಪ್ರಶ್ನೆ. ಫೈಲ್ ಇದ್ದರೆ ನಾಳೆ ಇನ್ನೊಂದು ಕೋನದಿಂದ ನೋಡಬಹುದು, ಬೇರೆ ಬೆಲೆಗೆ ಕಾಂಟೂರ್ ತೆಗೆಯಬಹುದು. ಇನ್ ಸಿಟುನಲ್ಲಿ ಕ್ಯಾಮೆರಾ ತಪ್ಪು ದಿಕ್ಕಿಗಿದ್ದರೆ ಮುಗಿಯಿತು. ಇದಕ್ಕೆ ಪೂರ್ತಿ ಪರಿಹಾರ ಇದೆ ಅಂತ ನಾನು ಹೇಳುವುದಿಲ್ಲ, ಆದರೆ ನಾಲ್ಕು ದಾರಿಗಳಿವೆ, ಸೇರಿಸಿ ಬಳಸಿದರೆ ಭಯ ಬಹುಪಾಲು ಹೋಗುತ್ತದೆ.

ಮೊದಲನೆಯದು ಚಿತ್ರಗಳನ್ನು ರಾಶಿಗಟ್ಟಲೆ ತೆಗೆಯುವುದು. ಲಾಸ್ ಅಲಾಮಾಸ್ ಲ್ಯಾಬಿನ ಜೇಮ್ಸ್ ಅಹ್ರೆನ್ಸ್ ಮತ್ತು ಜೊತೆಯವರು 2014ರಲ್ಲಿ ಸಿನಿಮಾ ಅನ್ನುವ ಹೆಸರಿನಲ್ಲಿ ಇದನ್ನು ಮುಂದಿಟ್ಟರು. ಸುತ್ತಲೂ 12 ಕೋನ, ಮೇಲೆ ಕೆಳಗೆ 6 ಕೋನ, 10 ಕಾಂಟೂರ್ ಬೆಲೆ ಇಟ್ಟುಕೊಂಡರೆ ಒಂದು ಸ್ಟೆಪ್‌ಗೆ 720 ಚಿತ್ರ. ಚಿತ್ರಕ್ಕೆ 1 ಎಂಬಿ ಎಂದರೂ 1 ಜಿಬಿ ದಾಟುವುದಿಲ್ಲ. ಆಮೇಲೆ ಬ್ರೌಸರ್‌ನಲ್ಲಿ ಸ್ಲೈಡರ್ ಎಳೆದರೆ ಡೇಟಾವನ್ನೇ ತಿರುಗಿಸಿ ನೋಡಿದ ಹಾಗಿರುತ್ತದೆ.

ಎರಡನೆಯದು ಟ್ರಿಗರ್. ಸುಮ್ನೆ 50 ಸ್ಟೆಪ್‌ಗೊಮ್ಮೆ ಅನ್ನುವ ಬದಲು, ಗರಿಷ್ಠ ತಾಪಮಾನ ಇಷ್ಟು ದಾಟಿದರೆ ಮಾತ್ರ, ಅಥವಾ ಒತ್ತಡ ಹಿಂದಿನ ಸಲಕ್ಕಿಂತ ಇಷ್ಟು ಬದಲಾದರೆ ಮಾತ್ರ, ಚಿತ್ರ ತೆಗೆ, ಬೇಕಿದ್ದರೆ ಪೂರ್ತಿ ಫೈಲನ್ನೂ ಬರೆ ಅಂತ ಹೇಳುವುದು. ಪರೀಕ್ಷೆ ಅಗ್ಗ, ಪ್ರತಿ ಸ್ಟೆಪ್‌ಗೂ ಮಾಡಬಹುದು. ಮೇಲೆ ಹೇಳಿದ ಕಿಡಿಯನ್ನು ಹಿಡಿಯಲು ಇದೇ ಬಲೆ. ಅಸೆಂಟ್‌ನಲ್ಲಿ ಷರತ್ತನ್ನು ಯಾಮಲ್ ಫೈಲಿನಲ್ಲೇ ಬರೆಯಬಹುದು.

ಮೂರನೆಯದು ಸಾರ ತೆಗೆಯುವುದು. ಇದಕ್ಕೆ ಬ್ರಹ್ಮಾಂಡದ ಸಿಮ್ಯುಲೇಶನ್‌ಗಳೇ ಒಳ್ಳೆ ಉದಾಹರಣೆ. ಆರ್ಗಾನ್ ಲ್ಯಾಬಿನ ಸಲ್ಮಾನ್ ಹಬೀಬ್, ಕಟ್ರಿನ್ ಹೈಟ್‌ಮನ್ ಅವರ ತಂಡದ ಹ್ಯಾಕ್ ಎಂಬ ಕೋಡಿನಲ್ಲಿ ಔಟರ್ ರಿಮ್ ಅನ್ನುವ ಸಿಮ್ಯುಲೇಶನ್ ಓಡಿಸಿದರು. ಅದರಲ್ಲಿ 10,240ರ ಘನ, ಅಂದರೆ 1 ಲಕ್ಷ ಕೋಟಿಗೂ ಹೆಚ್ಚು ಕಣಗಳು. ಒಂದು ಕಣಕ್ಕೆ ಮೂರು ಸ್ಥಾನ, ಮೂರು ವೇಗ, ಒಂದು ಗುರುತಿನ ಸಂಖ್ಯೆ ಸೇರಿ 32 ಬೈಟ್ ಎಂದುಕೊಂಡರೂ ಒಂದು ಸಲ ಬರೆಯಲು 34 ಟೆರಾಬೈಟ್. ಆದರೆ ಖಗೋಳ ವಿಜ್ಞಾನಿಗೆ ಬೇಕಾದದ್ದು ಒಂದೊಂದು ಕಣ ಅಲ್ಲ, ಕಣಗಳು ಗುಂಪುಗೂಡಿದ ಹಾಲೋಗಳು, ಗೆಲಾಕ್ಸಿಗಳು ಹುಟ್ಟುವುದು ಅಲ್ಲಿ. ಹಾಗಾಗಿ ಹಾಲೋ ಹುಡುಕುವ ಕೆಲಸವನ್ನು ಓಡುವಾಗಲೇ ಮಾಡಿ ಅವುಗಳ ಪಟ್ಟಿಯನ್ನು ಉಳಿಸಿಕೊಳ್ಳುತ್ತಾರೆ. ಚಿತ್ರ ಆಮೇಲೆ ಪಟ್ಟಿಯಿಂದ ಬಿಡಿಸಬಹುದು.

ನಾಲ್ಕನೆಯದು ಕಂಪ್ರೆಶನ್. ಜಡ್‌ಎಫ್‌ಪಿ, ಎಸ್‌ಜಡ್ ಇವೆರಡೂ ಫ್ಲೋಟಿಂಗ್ ಪಾಯಿಂಟ್ ಡೇಟಾಗೇ ಮಾಡಿದವು. ಇಷ್ಟು ತಪ್ಪು ಸಹಿಸುತ್ತೇನೆ ಅಂತ ನೀವು ಮಿತಿ ಹೇಳಿದರೆ ಅದರೊಳಗೇ ಕುಗ್ಗಿಸಿ ಕೊಡುತ್ತವೆ. ಮಾಮೂಲಿ ಜಿಜಿಪ್ ಇಂಥ ಡೇಟಾ ಮೇಲೆ ಹೆಚ್ಚೇನೂ ಕುಗ್ಗಿಸದು.

ಓಡುತ್ತಿರುವಾಗಲೇ ನನ್ನ ಸ್ಕ್ರೀನ್ ಮೇಲೆ ಲೈವ್ ನೋಡಬಹುದಾ? ನಿಲ್ಲಿಸಿ ಬದಲಾಯಿಸಬಹುದಾ?

ಎರಡೂ ಆಗುತ್ತದೆ. ಪ್ಯಾರಾವ್ಯೂನಲ್ಲಿ ಕ್ಯಾಟಲಿಸ್ಟ್ ಲೈವ್ ಇದೆ, ಸಾಮಾನ್ಯವಾಗಿ 22222ನೇ ಪೋರ್ಟ್ ಮೇಲೆ ಜಾಬಿಗೆ ಸೇರಿಕೊಳ್ಳುತ್ತದೆ. ಕಂಪ್ಯೂಟ್ ನೋಡ್‌ಗೆ ಹೊರಗಿನಿಂದ ನೇರ ದಾರಿ ಇರುವುದಿಲ್ಲ, ಲಾಗಿನ್ ನೋಡ್ ಮೂಲಕ ಎಸ್‌ಎಸ್‌ಎಚ್ ಟನೆಲ್ ಹಾಕಬೇಕು, ನಿಮ್ಮ ಸೆಂಟರಿನವರು ಬಿಡುತ್ತಾರಾ ಅಂತ ಮೊದಲು ಕೇಳಿ. ಜರ್ಮನಿಯ ಡ್ರೆಸ್ಡೆನ್ ಕಡೆಯವರ ಐಸಾಕ್ ಅನ್ನುವುದು ಪ್ಲಾಸ್ಮಾ ಸಿಮ್ಯುಲೇಶನ್ನನ್ನು ಬ್ರೌಸರ್‌ನಲ್ಲೇ ಲೈವ್ ತೋರಿಸುತ್ತದೆ.

ನಿಜ ಹೇಳಬೇಕೆಂದರೆ, ಜಾಬ್ ಕ್ಯೂನಲ್ಲಿ ಕಾದು ಕಾದು ನಡುರಾತ್ರಿ ಶುರುವಾಗುತ್ತದೆ, ಆಗ ಲೈವ್ ನೋಡಲು ಯಾರು ಎದ್ದಿರುತ್ತಾರೆ? ನನಗೆ ಇದರ ನಿಜವಾದ ಉಪಯೋಗ ಕಂಡದ್ದು ಬೇರೆ ರೀತಿಯಲ್ಲಿ: ಚಿತ್ರಗಳು ಒಂದೊಂದಾಗಿ ಫೋಲ್ಡರ್‌ಗೆ ಬೀಳುತ್ತಿರುತ್ತವೆ, ಬೆಳಗ್ಗೆ ಎದ್ದು ಮೊದಲ ಹತ್ತು ನೋಡಿದರೆ ಬೌಂಡರಿ ಕಂಡಿಶನ್ ಎಡವಟ್ಟಾಗಿದ್ದರೆ ಗೊತ್ತಾಗುತ್ತದೆ, ಜಾಬ್ ರದ್ದು ಮಾಡಿ ಉಳಿದ ಗಂಟೆಗಳನ್ನು ಉಳಿಸಿಕೊಳ್ಳಬಹುದು. ಓಡುತ್ತಿರುವಾಗ ಪ್ಯಾರಾಮೀಟರ್ ಬದಲಿಸುವವರು ಏನು, ಯಾವ ಸ್ಟೆಪ್‌ನಲ್ಲಿ ಬದಲಿಸಿದೆವು ಎಂದು ಲಾಗ್‌ನಲ್ಲಿ ದಾಖಲಾಗುವ ಹಾಗೆ ಮಾಡಿ. ಇಲ್ಲದಿದ್ದರೆ ಆ ಫಲಿತಾಂಶವನ್ನು ಇನ್ನೊಬ್ಬರು ಮರಳಿ ಪಡೆಯಲಾರರು, ನೀವೂ ಪಡೆಯಲಾರಿರಿ.

ಹಾಗಾದರೆ ಚೆಕ್‌ಪಾಯಿಂಟ್ ಬರೆಯುವುದನ್ನು ಬಿಡಬಹುದಾ?

ಬೇಡ. ಚೆಕ್‌ಪಾಯಿಂಟ್ ಅಂದರೆ ನಿಂತಲ್ಲಿಂದ ಮತ್ತೆ ಶುರು ಮಾಡಲು ಬರೆದಿಟ್ಟ ಪೂರ್ತಿ ಸ್ಥಿತಿ. ನೋಡ್ ಸತ್ತರೆ ಚಿತ್ರದಿಂದ ಸಿಮ್ಯುಲೇಶನ್ ಮತ್ತೆ ಶುರು ಮಾಡಲು ಆಗುವುದಿಲ್ಲ. ಚೆಕ್‌ಪಾಯಿಂಟ್ ಇದ್ದರೆ ಇನ್ನೊಂದು ಲಾಭ ಇದೆ: ಚಿತ್ರಗಳಲ್ಲಿ ಏನೋ ವಿಚಿತ್ರ ಕಂಡರೆ, ಅದಕ್ಕೆ ಮುಂಚಿನ ಚೆಕ್‌ಪಾಯಿಂಟ್‌ನಿಂದ ಆ ಸ್ವಲ್ಪ ಭಾಗವನ್ನು ಮಾತ್ರ ಮತ್ತೆ ಓಡಿಸಿ, ಈ ಸಲ ಹತ್ತಿರದಿಂದ ನೋಡಬಹುದು.

ಚಿತ್ರದ ಕೋಡ್ ಕ್ರ್ಯಾಶ್ ಆದರೆ ನನ್ನ ಜಾಬೂ ಸಾಯುತ್ತಾ?

ಒಂದೇ ಪ್ರೊಸೆಸ್ ಆದರೆ ಸಾಯುತ್ತದೆ. ಅದಕ್ಕೇ ಹೊಸ ಸ್ಕ್ರಿಪ್ಟನ್ನು ನೇರ ದೊಡ್ಡ ಜಾಬಿಗೆ ಹಾಕಬೇಡಿ. ಕ್ಯಾಟಲಿಸ್ಟ್‌ನಲ್ಲಿ ಎಕ್ಸಿಕ್ಯೂಟ್‌ಗೆ ಕೊಟ್ಟ ಡೇಟಾವನ್ನು ಫೈಲಿಗೆ ಇಳಿಸಿಕೊಂಡು, ಆಮೇಲೆ ಸಿಮ್ಯುಲೇಶನ್ ಇಲ್ಲದೇ ಅದನ್ನೇ ಮತ್ತೆ ಮತ್ತೆ ಆಡಿಸಿ ನೋಡುವ ಅನುಕೂಲ ಇದೆ. ಎರಡು ಮೂರು ಸ್ಟೆಪ್ ಇಳಿಸಿಕೊಂಡು ಸ್ಕ್ರಿಪ್ಟನ್ನು ಅದರ ಮೇಲೆ ಪಳಗಿಸಿ.

ಕೋಡ್ ಬರೆಯದೇ ಏನಾದರೂ ಮಾಡಬಹುದಾ? ನಾನು ಓಪನ್‌ಫೋಮ್ / ಡಬ್ಲ್ಯೂಆರ್‌ಎಫ್ ಬಳಸುವವನು.

ಆರಾಮವಾಗಿ. ದ್ರವ, ಅನಿಲಗಳ ಹರಿವನ್ನು ಲೆಕ್ಕ ಮಾಡುವ ಓಪನ್‌ಫೋಮ್‌ನ ಕಂಟ್ರೋಲ್‌ಡಿಕ್ಟ್ ಫೈಲಿನಲ್ಲಿ ಫಂಕ್ಷನ್ ಆಬ್ಜೆಕ್ಟ್‌ಗಳನ್ನು ಸೇರಿಸಿ: ಪ್ರೋಬ್‌ಗಳು, ಕತ್ತರಿಸಿದ ಮೇಲ್ಮೈಗಳು, ಬಲಗಳ ಲೆಕ್ಕ. ಓಡುವಾಗಲೇ ಚಿತ್ರ ತೆಗೆಯುವ ಫಂಕ್ಷನ್ ಆಬ್ಜೆಕ್ಟೂ ಇದೆ, ಕ್ಯಾಟಲಿಸ್ಟ್‌ಗೆ ಜೋಡಿಸುವುದೂ ಇದೆ. ಡಬ್ಲ್ಯೂಆರ್‌ಎಫ್‌ನಲ್ಲಿ ಟಿಎಸ್‌ಲಿಸ್ಟ್ ಅನ್ನುವ ಸಣ್ಣ ಫೈಲಿನಲ್ಲಿ ನಿಮಗೆ ಬೇಕಾದ ಊರುಗಳ ಅಕ್ಷಾಂಶ ರೇಖಾಂಶ ಬರೆದಿಟ್ಟರೆ, ಅಷ್ಟು ಜಾಗಗಳ ಗಾಳಿ, ತಾಪಮಾನ, ಮಳೆಯನ್ನು ಪ್ರತಿ ಸ್ಟೆಪ್‌ಗೂ ಬರೆಯುತ್ತದೆ. ಮಂಗಳೂರು, ಆಗುಂಬೆ, ಮಡಿಕೇರಿ ಅಂತ ಬರೆದು ಮುಂಗಾರಿನ ಒಂದು ದಿನ ಓಡಿಸಿ ನೋಡಿ. ಗಂಟೆಗೊಮ್ಮೆ ಬರೆದ ದೊಡ್ಡ ಫೈಲಿನಲ್ಲಿ ಕಾಣದ ಹದಿನೈದು ನಿಮಿಷದ ಜಡಿಮಳೆ ಈ ಪುಟ್ಟ ಫೈಲಿನಲ್ಲಿ ಕಾಣುತ್ತದೆ.

ಇದೆಲ್ಲ ಹೊಸದಾ?

ಆಸೆ ಹಳೆಯದು. 1987ರಲ್ಲೇ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಕೊಟ್ಟ ವರದಿಯಲ್ಲಿ ವಿಜ್ಞಾನಿಗಳು ತಮ್ಮ ಲೆಕ್ಕವನ್ನು ನೋಡುತ್ತಾ ನಡೆಸಬೇಕು ಎಂಬ ಮಾತಿತ್ತು. 2006ರಲ್ಲಿ ಟಿಯಾಂಕೈ ಟು, ಕ್ವಾನ್-ಲಿಯು ಮಾ ಮತ್ತಿತರರು ಭೂಕಂಪದ ಸಿಮ್ಯುಲೇಶನ್ ಒಂದರಲ್ಲಿ ಗ್ರಿಡ್ ಮಾಡುವುದರಿಂದ ಹಿಡಿದು ಚಿತ್ರದವರೆಗೆ ಎಲ್ಲವನ್ನೂ ಸೂಪರ್‌ಕಂಪ್ಯೂಟರ್ ಒಳಗೇ ಮುಗಿಸಿ ತೋರಿಸಿದರು. ಆಗ ಅದು ಸಾಹಸ, ಈಗ ಬೇರೆ ದಾರಿಯಿಲ್ಲ.

ಸರಿ, ಎಲ್ಲಿಂದ ಶುರು ಮಾಡಲಿ?

ನಿಮ್ಮ ಕೋಡನ್ನು ಮುಟ್ಟಬೇಡಿ, ಇನ್ನೂ. ಪ್ಯಾರಾವ್ಯೂ ಸೋರ್ಸ್ ಜೊತೆ ಕ್ಯಾಟಲಿಸ್ಟ್‌ನ ಪುಟ್ಟ ಉದಾಹರಣೆಗಳು ಬರುತ್ತವೆ, ಸಿ ಪ್ಲಸ್ ಪ್ಲಸ್, ಫೋರ್ಟ್ರಾನ್, ಪೈಥಾನ್ ಮೂರರಲ್ಲೂ. ಅಸೆಂಟ್ ಜೊತೆಗೂ ಲುಲೇಶ್, ಕ್ಲೋವರ್‌ಲೀಫ್ ಥರದ ಆಟಿಕೆ ಸಿಮ್ಯುಲೇಶನ್‌ಗಳು ಬರುತ್ತವೆ. ಒಂದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ 4 ಅಥವಾ 8 ರ‍್ಯಾಂಕ್ ಹಾಕಿ ಓಡಿಸಿ. ಲುಲೇಶ್‌ಗೆ 8 ಹಾಕಿ, ಅದು ಘನಸಂಖ್ಯೆ ಮಾತ್ರ ಒಪ್ಪುತ್ತದೆ. ಆಮೇಲೆ ನಿಮ್ಮ ಕೋಡಿನಿಂದ ಒಂದೇ ಒಂದು ಫೀಲ್ಡ್ ಕಳಿಸಿ, ಒಂದು ಕತ್ತರಿಸಿದ ಮುಖದ ಚಿತ್ರ ಬರಲಿ. ಅದೇ ಸ್ಟೆಪ್‌ನ ಫೈಲನ್ನೂ ಬರೆದು, ಮಾಮೂಲಿ ರೀತಿಯಲ್ಲಿ ತೆರೆದು, ಎರಡು ಚಿತ್ರ ಪಕ್ಕಪಕ್ಕ ಇಟ್ಟು ಹೋಲಿಸಿ. ರ‍್ಯಾಂಕ್ ಸಂಖ್ಯೆ ಬದಲಿಸಿ ಇನ್ನೊಮ್ಮೆ ಹೋಲಿಸಿ. ಮೂರೂ ಒಂದೇ ಥರ ಇದ್ದರೆ ಕ್ಲಸ್ಟರ್‌ಗೆ ಹೋಗಿ, ಅಲ್ಲಿ ಓಎಸ್‌ಮೆಸಾ ಅಥವಾ ಇಜಿಎಲ್ ಬಿಲ್ಡ್ ಇದೆಯಾ ಅಂತ ಸಿಸ್ಟಮ್ ಅಡ್ಮಿನ್ ಹತ್ತಿರ ಕೇಳಿ.